ಒಂದನೇ ನಂಬರು ಖಾಲಿ

ಚಿರಂಜೀವಿಯವರನ್ನು ಮೊದಲ ಸಲ ನೋಡಿದ ದಿನವೇ ನಾನು ಅವರ ಜೊತೆ ಜಗಳ ಆಡಿದೆ. ಎರಡನೇ ಸಲ ನೋಡಿದಾಗಲೂ ಆಡಿದೆ. ಮೂರನೇ ಸಲ ಅವರು ಬರುವುದು ಹತ್ತು ನಿಮಿಷ ತಡವಾಯಿತು. ಆ ಹತ್ತು ನಿಮಿಷ ನನಗೆ ಯಾವ ಕೆಲಸಕ್ಕೂ ಕೈ ಹೋಗಲಿಲ್ಲ.

ಮೊದಲ ಜಗಳ ನಡೆದದ್ದು ಮಧುಗಿರಿಯ ಮೈದಾನದಲ್ಲಿ, ಶೈಕ್ಷಣಿಕ ಜಿಲ್ಲಾ ಮಟ್ಟದ ಕ್ರೀಡಾಕೂಟದ ದಿನ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿನ ಪಿ.ಟಿ. ಮೇಷ್ಟ್ರುಗಳು ಶಾಮಿಯಾನದ ಕೆಳಗೆ ಕೂತಿದ್ದೆವು. ಉದ್ಘಾಟನೆ ಮಾಡಬೇಕಾದವರು ಇನ್ನೂ ದಾರಿಯಲ್ಲಿದ್ದರು. ಹೊತ್ತು ಹೋಗಬೇಕಲ್ಲ, ಶಿರಾದ ರಿಯಾಜ್ ಸಾರ್ ಒಂದು ಪ್ರಶ್ನೆ ಎಸೆದರು. ಲೋಕದಲ್ಲಿ ಇದುವರೆಗೆ ಆಗಿಹೋದ ಕೋಚ್‌ಗಳಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು?

ಉತ್ತರ ಅವರ ಜೇಬಿನಲ್ಲೇ ಇತ್ತು. ಇಂಗ್ಲೆಂಡಿನ ಒಂದೇ ಫುಟ್‌ಬಾಲ್ ಕ್ಲಬ್ಬನ್ನು ಇಪ್ಪತ್ತಾರು ವರ್ಷ ನಡೆಸಿದ ಫರ್ಗುಸನ್ ಎಂದರು. ಮಧುಗಿರಿಯ ಮುತ್ತುರಾಜ್ ಸಾರ್ ಒಪ್ಪಲಿಲ್ಲ. ಹೈದರಾಬಾದಿನಲ್ಲಿ ಬ್ಯಾಡ್ಮಿಂಟನ್ ಕಲಿಸಿ ದೇಶಕ್ಕೆ ಒಲಿಂಪಿಕ್ ಪದಕ ತರಿಸಿದ ಗೋಪಿಚಂದ್ ಇರುವಾಗ ಇಂಗ್ಲೆಂಡಿನವರೆಗೆ ಯಾಕೆ ಹೋಗಬೇಕು ಎಂದರು. ಹಿಂದಿನ ಸಾಲಿನಿಂದ ಯಾರೋ ದ್ರೋಣಾಚಾರ್ಯರ ಹೆಸರು ತೆಗೆದರು. ಹೆಬ್ಬೆರಳು ಕೇಳಿದವರಿಗೆ ನನ್ನ ವೋಟಿಲ್ಲ ಎಂದು ನಾನು ಅವರ ಬಾಯಿ ಮುಚ್ಚಿಸಿದೆ.

ಆಮೇಲೆ ನನ್ನ ಆಯ್ಕೆ ಹೇಳಿದೆ. "ನಮ್ಮ ನಾಗಲಿಂಗಯ್ಯ ಮೇಷ್ಟ್ರು."

ಕೆಲವರು ನಕ್ಕರು, ಹಳಬರು ತಲೆ ಆಡಿಸಿದರು. ನಾಗಲಿಂಗಯ್ಯ ಮೇಷ್ಟ್ರು ಈ ನಾಲ್ಕು ತಾಲ್ಲೂಕಿನ ಹುಡುಗಿಯರಿಗೆ ಖೋ ಖೋ ಕಲಿಸಿದವರು. ಅವರ ತಂಡ ಏಳು ಸಲ ರಾಜ್ಯಮಟ್ಟದ ಕಪ್ ತಂದಿದೆ. ಏಳನೆಯ ಸಲ ಆ ತಂಡದಲ್ಲಿ ನಾನೂ ಇದ್ದೆ.

ಆಗ ತುದಿಯ ಕುರ್ಚಿಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಒಬ್ಬರು ತಲೆ ಎತ್ತಿದರು. ಪಾವಗಡ ತಾಲ್ಲೂಕಿನ ನಿಡುಗಲ್ ಕಡೆಯ ಹೈಸ್ಕೂಲಿಗೆ ಹೊಸದಾಗಿ ಬಂದವರು, ಹೆಸರು ಚಿರಂಜೀವಿ ಎಂದಷ್ಟೇ ನನಗೆ ಗೊತ್ತಿತ್ತು. "ಅವ್ರ ಕೈಲಿ ಕಲ್ತೋರಲ್ಲಿ ಈಗ್ಲೂ ಎಷ್ಟು ಜನ ಆಡ್ತಾರೆ ಮೇಡಂ?" ಎಂದು ಕೇಳಿದರು.

"ಏಳು ಕಪ್ ಅಂದೆ ಸಾರ್."

"ಕಪ್ ಕೇಳ್ಲಿಲ್ಲ ನಾನು. ಆಡೋರನ್ನ ಕೇಳ್ದೆ."

ನನಗೆ ಕಿವಿಯವರೆಗೂ ಬಿಸಿಯಾಯಿತು. ಆ ಏಳನೆಯ ಕಪ್ಪಿನ ಫೈನಲ್‌ನಲ್ಲೇ ನನ್ನ ಎಡ ಮೊಣಕಾಲು ಹೋದದ್ದು. ಆಗ ನನಗೆ ಹದಿನಾರು, ಇದನ್ನು ಹೇಳುತ್ತಿರುವ ಈಗ ಮೂವತ್ತೊಂದು. ಓಡಲಾರದ ಪಿ.ಟಿ. ಮೇಡಂ ಅನ್ನು ಎಲ್ಲರ ಎದುರು ಆಡಿಕೊಳ್ಳುತ್ತಿದ್ದಾನಲ್ಲ ಈ ಪುಣ್ಯಾತ್ಮ ಎಂದುಕೊಂಡೆ. ಎದ್ದು, ಕುಂಟುತ್ತಾ ನನ್ನ ತಂಡದ ಕಡೆ ನಡೆದೆ. ಹಿಂದೆ ಕುರ್ಚಿ ಸರಿದ ಸದ್ದಾಯಿತು. "ಅಯ್ಯೋ, ಅದಿ ಕಾದು ಮೇಡಂ" ಎಂದರು. ಅದಲ್ಲ ಎಂದು ಹೇಳಿದ್ದಂತೆ; ಗಾಬರಿಯಾದರೆ ಅವರ ಬಾಯಿಗೆ ತೆಲುಗು ಬರುತ್ತದೆ ಎಂದು ಆಮೇಲೆ ತಿಳಿಯಿತು. ನನ್ನ ಕಾಲನ್ನು ಅವರು ನೋಡಿದ್ದೇ ಆಗ.

ಆ ಭಾನುವಾರ ನನ್ನ ಮೊಬೈಲಿಗೆ ಒಂದು ಪಟ್ಟಿ ಬಂತು. ಮೇಷ್ಟ್ರುಗಳ ಗ್ರೂಪಿನಲ್ಲಿ ನನ್ನ ನಂಬರು ಹುಡುಕಿದ್ದರು. ಒಂದು ಸಾಲು ಕ್ಷಮೆ, ಅದರ ಕೆಳಗೆ ಲೋಕದ ಹತ್ತು ಜನ ಶ್ರೇಷ್ಠ ಕೋಚ್‌ಗಳು. ಮೂರನೆಯವರು ನಾಗಲಿಂಗಯ್ಯ ಮೇಷ್ಟ್ರು, ಫರ್ಗುಸನ್‌ಗಿಂತ ಎರಡು ಮೆಟ್ಟಿಲು ಮೇಲೆ. ಒಂದನೇ ನಂಬರಿನ ಎದುರು ಏನೂ ಬರೆದಿರಲಿಲ್ಲ.

ಮೂರನೆಯದು ಯಾವ ಲೆಕ್ಕದಲ್ಲಿ ಎಂದು ಕೇಳಿದೆ. ಮೇಷ್ಟ್ರನ್ನು ನಾನು ಬಲ್ಲವನಲ್ಲ, ನಿಮ್ಮ ಕೋಪ ನೋಡಿ ಅಷ್ಟು ಮೇಲೆ ಹಾಕಿದ್ದೇನೆ ಎಂದು ಬರೆದರು. ನನಗೆ ನಗು ಬಂತು. ನಕ್ಕಿದ್ದು ಅವರಿಗೆ ಗೊತ್ತಾಗಬಾರದೆಂದು ಅರ್ಧ ಗಂಟೆ ಬಿಟ್ಟು ಉತ್ತರ ಕೊಟ್ಟೆ.

ಅಲ್ಲಿಂದ ಒಂದೂವರೆ ವರ್ಷ, ಭಾನುವಾರಕ್ಕೊಂದು ಪಟ್ಟಿ. ಅವರು ಮೇಲಕ್ಕೆ ತಂದ ಹೆಸರನ್ನು ನಾನು ಕೆಳಕ್ಕೆ ತಳ್ಳುತ್ತಿದ್ದೆ. ಪಿ.ಟಿ. ಉಷಾ ಅವರನ್ನು ಕಡಲ ದಂಡೆಯಲ್ಲಿ ಓಡಿಸಿ ಬೆಳೆಸಿದ ನಂಬಿಯಾರ್ ಎರಡನೆಯವರು ಎನ್ನುವುದರಲ್ಲಿ ಮಾತ್ರ ನಮಗೆ ತಕರಾರಿರಲಿಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲಿನಲ್ಲಿ ಹನ್ನೊಂದು ಸಲ ಗೆದ್ದ ಫಿಲ್ ಜಾಕ್ಸನ್ ತಮ್ಮ ಆಟಗಾರರನ್ನು ಧ್ಯಾನಕ್ಕೆ ಕೂರಿಸುತ್ತಿದ್ದರಂತೆ. ಅದಕ್ಕೇ ಚಿರಂಜೀವಿಯವರಿಗೆ ಆತನ ಮೇಲೆ ಪ್ರೀತಿ. ನಮ್ಮ ಒಂಬತ್ತನೇ ಕ್ಲಾಸಿನವರಿಗೆ ಕಣ್ಣು ಮುಚ್ಚಿ ಎಂದರೆ ನಿದ್ದೆ ಹೋಗುತ್ತಾರೆ, ಜಾಕ್ಸನ್ ಅವರನ್ನು ಕೆಳಗಿಳಿಸಿ ಎಂದೆ.

ನನ್ನ ಅಳತೆ ಗೆದ್ದ ಕಪ್. ಅವರ ಅಳತೆಯೇ ಬೇರೆ: ಸೋತ ದಿನ ಆ ಕೋಚ್ ತನ್ನ ಮಕ್ಕಳ ಹತ್ತಿರ ಏನು ಮಾತಾಡಿದ? ಅದನ್ನೆಲ್ಲ ಯಾರು ಬರೆದಿಟ್ಟಿರುತ್ತಾರೆ ಎಂದರೆ, ಮಕ್ಕಳು ಮರೆತಿರುವುದಿಲ್ಲ ಎನ್ನುತ್ತಿದ್ದರು. ಹಾಗಾದರೆ ಕೇಳಿ ಎಂದು ನಾನು ಮೇಷ್ಟ್ರ ಎಣ್ಣೆಯ ವಿಷಯ ಬರೆದೆ. ಪ್ರತಿ ಯುಗಾದಿಗೂ ನನ್ನ ಮೊಣಕಾಲಿಗೆಂದು ಅವರೇ ಎಣ್ಣೆ ಕಾಯಿಸಿ ಒಂದು ಸೀಸೆ ಕಳಿಸುತ್ತಾರೆ, ಹದಿನೈದು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿಲ್ಲ. ಚಿರಂಜೀವಿ, ಎಣ್ಣೆಯ ಜೊತೆ ಏನಾದರೂ ಹೇಳಿ ಕಳಿಸುತ್ತಾರಾ ಎಂದು ಕೇಳಿದರು. ಇಲ್ಲ ಎಂದೆ.

ಕ್ರೀಡಾಕೂಟಗಳಲ್ಲಿ ಸಿಕ್ಕಾಗ ನಾವು ಮೇಡಂ, ಸಾರ್ ದಾಟುತ್ತಿರಲಿಲ್ಲ. ಆದರೆ ನಾನು ಅಂಕಣದ ಹತ್ತಿರ ಹೋಗುವಷ್ಟರಲ್ಲಿ ಅಲ್ಲೊಂದು ಕುರ್ಚಿ ಇರುತ್ತಿತ್ತು, ನೆರಳಿನ ಕಡೆ. ಇಟ್ಟವರು ಆಗಲೇ ದೂರ ಹೋಗಿ ಸುಣ್ಣದ ಗೆರೆ ಪರೀಕ್ಷೆ ಮಾಡುವವರ ಹಾಗೆ ನಿಂತಿರುತ್ತಿದ್ದರು. ನಾನೂ ಕಡಿಮೆಯವಳಲ್ಲ. ಒಂದು ಬಾಟಲಿ ಮಜ್ಜಿಗೆಯನ್ನು ಅವರ ಬ್ಯಾಗಿನ ಪಕ್ಕ ಮರೆತವಳ ಹಾಗೆ ಬಿಟ್ಟು ಬರುತ್ತಿದ್ದೆ. ಸಂಜೆ ಬಾಟಲಿ ತೊಳೆದು ತಂದು ಕೊಡುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ, ಬಾಟಲಿಯ ಮುಚ್ಚಳ ನೋಡುತ್ತಿದ್ದರು. ನಾನು ಸುಣ್ಣ ಮೆತ್ತಿದ ಅವರ ಬೆರಳು ನೋಡುತ್ತಿದ್ದೆ. ಒಮ್ಮೆ ರಿಯಾಜ್ ಸಾರ್ ಪಕ್ಕದಲ್ಲೇ ಹಾದು ಹೋಗುತ್ತಾ, "ಏನ್ ಲೋಹಿತಾ ಮೇಡಂ, ಪಾವಗಡದಾಗೆ ಮಜ್ಜಿಗೆ ಸಿಗಾಕಿಲ್ವಾ?" ಎಂದರು. ಇಬ್ಬರೂ ಕೇಳಿಸದವರ ಹಾಗೆ ನಿಂತೆವು.

ಹೀಗಿರುವಾಗ ಅವರಿಗೆ ಡೆಪ್ಯುಟೇಷನ್ ಆದೇಶ ಬಂತು. ಧಾರವಾಡದ ಕಡೆಯ ಒಂದು ಕ್ರೀಡಾ ವಸತಿ ಶಾಲೆಗೆ ಎರಡು ವರ್ಷ ಖೋ ಖೋ ಕೋಚ್. ನಾಲ್ಕು ತಾಲ್ಲೂಕಿನಿಂದ ಅವರೊಬ್ಬರೇ. ಸೋಮವಾರದೊಳಗೆ ಒಪ್ಪಿಗೆ ಬರೆದುಕೊಡಬೇಕಿತ್ತು. ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನ್ ಮಾಡಿ ಹೇಳಿದರು. "ನೀವೇನಂತೀರಾ ಮೇಡಂ?"

ನಾನು ತೋವಿನಕೆರೆಯ ನಮ್ಮ ಶಾಲೆಯ ಹುಣಸೆಮರದ ಕೆಳಗೆ ನಿಂತಿದ್ದೆ. ಹೋಗಬೇಡಿ ಎನ್ನುವ ಮಾತು ಗಂಟಲವರೆಗೂ ಬಂದಿತ್ತು. ಮನಸ್ಸಿನಲ್ಲಿರುವುದನ್ನು ಹೇಳಿಬಿಟ್ಟರೆ ಅವರು ಹೋಗುವುದಿಲ್ಲ ಎಂದು ನನಗೆ ಖಾತ್ರಿಯಿತ್ತು, ಅದಕ್ಕೇ ಹೇಳಲಾಗಲಿಲ್ಲ. ಇಂಥ ಅವಕಾಶವನ್ನು ನನಗೋಸ್ಕರ ಬಿಟ್ಟರೆ ಅದರ ಪಾಪ ಯಾರಿಗೆ? ಹೇಳದೆ ಕಳಿಸಿದರೆ ನನ್ನ ಗತಿ ಏನು? "ಒಳ್ಳೇ ಅವಕಾಶ ಸಾರ್, ಬಿಡ್ಬೇಡಿ" ಎಂದೆ. ಕಚೇರಿಯಲ್ಲಿ ಟಪಾಲು ತೆಗೆದುಕೊಳ್ಳುವವರ ದನಿ ಅದು.

ಅವರು, ಹೋಗುವ ಮೊದಲು ನಿಮ್ಮ ಮೇಷ್ಟ್ರನ್ನು ಒಮ್ಮೆ ನೋಡಬೇಕು, ಒಂದನೇ ನಂಬರು ಅವರಿಗೇ ಸೇರಬೇಕೋ ಏನೋ ತೀರ್ಮಾನ ಮಾಡೋಣ ಎಂದರು. ಶನಿವಾರ ಬೆಳಗಿನ ಶಾಲೆ ಮುಗಿಸಿ ಮಧುಗಿರಿಯಲ್ಲಿ ಸೇರಿದೆವು.

ಮೇಷ್ಟ್ರ ಮನೆ ಬೆಟ್ಟದ ಕೆಳಗಿನ ಬೀದಿಯಲ್ಲಿ. ಅವರ ಹೆಂಡತಿ ಕರಿಬಸಮ್ಮನವರು ಕಾಫಿ ಕೊಟ್ಟರು. ಚಿರಂಜೀವಿಯವರನ್ನು ಒಂದು ಸಲ ನೋಡಿದರು, ನನ್ನನ್ನು ಒಂದು ಸಲ ನೋಡಿದರು, ಏನೂ ಕೇಳದೆ ಒಳಗೆ ಹೋಗಿ ಇನ್ನೊಂದು ತಟ್ಟೆ ಚಕ್ಕುಲಿ ತಂದಿಟ್ಟರು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಮೊಬೈಲಿನಲ್ಲಿದ್ದ ಪಟ್ಟಿಯನ್ನು ನಿಧಾನವಾಗಿ ಓದಿದರು. ಫರ್ಗುಸನ್ ಯಾರೆಂದು ಕೇಳಿ ತಿಳಿದುಕೊಂಡರು. ತಮ್ಮ ಹೆಸರು ಬಂದಾಗ ಅವರು ನಗಲಿಲ್ಲ. ಮೊಬೈಲನ್ನು ಪಕ್ಕಕ್ಕಿಟ್ಟು, "ಕಾಲು ಹೆಂಗೈತಮ್ಮ?" ಎಂದು ನನ್ನನ್ನು ಕೇಳಿದರು. ಹದಿನೈದು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

ಪರವಾಗಿಲ್ಲ ಎಂದೆ.

"ಅದು ಫೈನಲ್‌ನಾಗೆ ಹೋಗಿದ್ದಲ್ಲ ಕಣಮ್ಮ. ಸೆಮಿಫೈನಲ್ ಮುಗಿಯೋ ಹೊತ್ಗೇ ಊದ್ಕಂಡಿತ್ತು. ನಾನು ನೋಡಿದ್ದೆ. ನೋಡೀನೂ ನಿನ್ನ ಆಡಿಸ್ದೆ. ಕಪ್ ಬೇಕಿತ್ತು ನಂಗೆ."

ಗೋಡೆಯ ಮೇಲೆ ಆ ಕಪ್ಪಿನ ಫೋಟೋ ಇತ್ತು. ಅದರಲ್ಲಿ ನಾನು ಇಬ್ಬರು ಹುಡುಗಿಯರ ಹೆಗಲು ಹಿಡಿದು ನಗುತ್ತಿದ್ದೇನೆ. ಊತ ಕಾಣದಂತೆ ಮೊಣಕಾಲಿಗೆ ಪಟ್ಟಿ ಸುತ್ತಿ ಮುಚ್ಚಿಟ್ಟವಳು ನಾನೇ. ಮೇಷ್ಟ್ರಿಗೆ ಗೊತ್ತಾಗಿದ್ದರೆ ಆಡಿಸುತ್ತಿರಲಿಲ್ಲ, ನನ್ನ ಕಾಲನ್ನು ನಾನೇ ಕೆಡಿಸಿಕೊಂಡೆ ಎಂದು ಇಷ್ಟು ವರ್ಷ ನಂಬಿದ್ದೆ. "ಯಾಕೆ ಹೇಳ್ಲಿಲ್ಲ ಮೇಷ್ಟ್ರೆ?" ಎಂದೆ.

"ಎಣ್ಣೆ ಕಳಿಸ್ತಿದ್ನಲ್ಲ, ಅದ್ರಾಗೇ ತಿಳ್ಕಂತಾಳೆ ಅನ್ಕಂಡೆ." ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನಿಮ್ಗೆಲ್ಲ ನಾನೇನು ಹೇಳ್ಕೊಟ್ಟೆ? ಬೆನ್ನು ಮುಟ್ಟುದ್ರೆ ಸಾಲ್ದು, ಬಾಯಲ್ಲಿ ಖೋ ಅನ್ಬೇಕು, ಅನ್ನದಿದ್ರೆ ಫೌಲು ಅಂತ. ಹದಿನೈದು ವರ್ಷ ನಾನೇ ಫೌಲ್ ಮಾಡ್ಕಂಡು ಕುಂತಿದ್ದೆ. ನನ್ನೆಸ್ರು ತೆಗೆದ್ಬುಡಪ್ಪ ಅದ್ರಿಂದ."

ನನಗೆ ಕೋಪ ಬರಬೇಕಿತ್ತು. ಬಂದದ್ದು ಅಳು. ಮೇಷ್ಟ್ರ ಕೈ ಹಿಡಿದುಕೊಂಡು ಚೆನ್ನಾಗಿ ಅತ್ತೆ. ಕಾಲಿಗಿಂತ ಭಾರವಾದ ಏನೋ ಒಂದು ಇಳಿದುಹೋಯಿತು. ಚಿರಂಜೀವಿ ಬಾಗಿಲ ಕಡೆ ತಿರುಗಿ, ಈ ಮೊದಲು ಬೆಟ್ಟವನ್ನೇ ನೋಡದವರಂತೆ ಅದನ್ನು ನೋಡುತ್ತಿದ್ದರು.

ಬಸ್ ಸ್ಟ್ಯಾಂಡಿನ ದಾರಿಯಲ್ಲಿ, ಹೆಸರು ತೆಗೆಯಲಾ ಎಂದು ಕೇಳಿದರು. ಬೇಡ ಎಂದೆ. ತನ್ನ ತಪ್ಪನ್ನು ಶಿಷ್ಯೆಯ ಎದುರೇ ಒಪ್ಪಿಕೊಂಡ ಕೋಚ್ ನಿಮ್ಮ ಪಟ್ಟಿಯಲ್ಲಿ ಇನ್ನೊಬ್ಬರು ಇದ್ದರೆ ಹೇಳಿ ಎಂದೆ. ಅವರು ಯೋಚಿಸಿ, ಇಲ್ಲ, ಮೇಷ್ಟ್ರು ಮೂರರ ಕೆಳಗೆ ಇಳಿಯಕೂಡದು ಎಂದರು. ನಂಬಿಯಾರ್ ಬಿಟ್ಟರೆ ನಾವಿಬ್ಬರೂ ಒಪ್ಪಿದ ಎರಡನೆಯ ಹೆಸರು ಅದು.

ಪಾವಗಡದ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಸ್ಸುಗಳು ನಿಲ್ಲುವ ಕಡೆ ಮುಖ ಮಾಡಿ ಅವರು ಕಲ್ಲು ಬೆಂಚಿನ ಮೇಲೆ ಕೂತರು. ನಾನು ನೀರು ತರಲು ಅಂಗಡಿಗೆ ಹೋಗಿ ಹಿಂದಿನಿಂದ ವಾಪಸ್ ಬರುವಾಗ ಅವರ ಬೆನ್ನು ಕಂಡಿತು. ಸ್ವಲ್ಪ ಮುಂದಕ್ಕೆ ಬಾಗಿ, ಕೈ ಮೊಣಕಾಲ ಮೇಲಿಟ್ಟು, ಅಂಕಣದಲ್ಲಿ ಕೂತವರ ಹಾಗೇ ಕೂತಿದ್ದರು.

ಖೋ ಖೋ ಆಟದಲ್ಲಿ ಸಾಲಿನಲ್ಲಿ ಕೂತವಳು ತಾನಾಗಿಯೇ ಏಳುವಂತಿಲ್ಲ. ಹಿಂದಿನಿಂದ ಒಂದು ಕೈ ಬರಬೇಕು, ಒಂದು ಮಾತು ಬರಬೇಕು. ಎರಡೂ ಬಂದರೆ ಅವಳು ಎದ್ದು ಓಡುತ್ತಾಳೆ, ಖೋ ಕೊಟ್ಟವಳು ಅವಳ ಜಾಗದಲ್ಲಿ ಕೂರುತ್ತಾಳೆ. ಇದನ್ನೇ ಮಕ್ಕಳಿಗೆ ಕಲಿಸುತ್ತಾ ಇಷ್ಟು ವರ್ಷ ಸಂಬಳ ತಿಂದಿದ್ದೇನೆ. ಹೇಳಿದರೆ ಅವರನ್ನು ಹಿಡಿದು ನಿಲ್ಲಿಸಿದ ಹಾಗಾಗುತ್ತದೆ ಎಂದು ಹೆದರಿದ್ದ ನನಗೆ, ಹೇಳಿಯೂ ಕಳಿಸಬಹುದು ಎಂದು ಹೊಳೆದಿರಲಿಲ್ಲ.

ಹತ್ತಿರ ಹೋಗಿ ಅವರ ಬೆನ್ನ ಮೇಲೆ ಕೈಯಿಟ್ಟೆ. "ಖೋ" ಎಂದೆ. ಮೈದಾನದ ಆ ತುದಿಗೆ ಕೇಳುವ ಹಾಗೆ ಕೂಗುವವಳ ದನಿ ಅರ್ಧಕ್ಕರ್ಧ ಒಳಗೇ ಉಳಿಯಿತು.

ಅವರು ಎದ್ದು ನನ್ನ ಕಡೆ ತಿರುಗಿದರು.

"ಧಾರವಾಡಕ್ಕೆ ಹೋಗಿ. ಸೋಮವಾರ ಒಪ್ಪಿಗೆ ಬರ್ದು ಕೊಡಿ, ನನ್ನಿಂದಾಗಿ ನಿಲ್ಬೇಡಿ" ಎಂದೆ. "ಆದ್ರೆ ನೀವಂದ್ರೆ ನಂಗೆ ಪ್ರೀತಿ. ಬಹಳ ದಿನದಿಂದ. ಹೇಳ್ದೆ ಕಳಿಸುದ್ರೆ ಫೌಲಾಗುತ್ತೆ." ಸಾರ್ ಎನ್ನುವುದು ಮರೆತೇಹೋಗಿತ್ತು.

ಅವರ ಉತ್ತರ ಬರುವವರೆಗೆ ಕಾಯುವಷ್ಟು ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ. ಅವರು ಎದ್ದ ಜಾಗದಲ್ಲಿ, ಬಸ್ಸುಗಳಿಗೂ ಅವರಿಗೂ ಬೆನ್ನು ಹಾಕಿ ಕೂತುಬಿಟ್ಟೆ. ಕಲ್ಲು ಇನ್ನೂ ಬೆಚ್ಚಗಿತ್ತು.

ಹಿಂದೆ ಒಂದು ಬಸ್ಸು ಬಂದು ನಿಂತಿತು. ಕಂಡಕ್ಟರ್ ಏನು ಕೂಗಿದನೋ ಇಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ. ಜನ ಹತ್ತಿದರು, ಬಾಗಿಲು ಬಡಿಯಿತು, ಬಸ್ಸು ಹೊರಟಿತು. ಹೋದರು ಎಂದುಕೊಂಡೆ. ಒಂದು ಮಾತೂ ಆಡದೆ ಹೋದರು. ಎದುರಿನ ಗೋಡೆಯ ಮೇಲಿನ ಟ್ಯೂಷನ್ ಪೋಸ್ಟರ್ ಕಣ್ಣಲ್ಲಿ ಮಸುಕಾಯಿತು. ಆದರೂ, ಹೇಳಬಾರದಿತ್ತು ಎಂದು ಅನ್ನಿಸಲಿಲ್ಲ.

ಆಗ ನನ್ನ ಬೆನ್ನ ಮೇಲೆ ಒಂದು ಕೈ ಬಂತು.

"ಖೋ" ಎಂದರು. ಆಮೇಲೆ, "ನೇನು ಕೂಡಾ ಮೇಡಂ" ಎಂದರು. ಅದು ತೆಲುಗು ಎಂದು ಅವರಿಗೇ ಅರಿವಾಗಿ, ಉಸಿರು ತೆಗೆದುಕೊಂಡು ಮತ್ತೆ ಹೇಳಿದರು. "ನಂಗೂನೂ ಪ್ರೀತಿ. ಆ ಕುರ್ಚಿ ಇಟ್ಟ ದಿನದಿಂದ."

ಎದ್ದೆ. ಎಡಗಾಲು ಎಂದಿನಂತೆ ಸ್ವಲ್ಪ ತಡವಾಗಿ ಎದ್ದಿತು. "ಬಸ್ ಹೋಯ್ತಲ್ಲ?" ಎಂದೆ.

"ಅದು ಶಿರಾ ಬಸ್ಸು. ನಂದು ಇನ್ನೂ ಬಂದಿಲ್ಲ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಅವರು, ಸೋಮವಾರ ಒಪ್ಪಿಗೆ ಕೊಟ್ಟು ಬರುತ್ತೇನೆ, ಎರಡು ವರ್ಷ ಕಾಯುತ್ತೀರಾ ಎಂದು ಕೇಳಿದರು. ಕೂತು ಕಾಯುವುದನ್ನು ನನಗೆ ನಾಗಲಿಂಗಯ್ಯ ಮೇಷ್ಟ್ರು ಕಲಿಸಿದ್ದಾರೆ ಎಂದೆ. ಒಂದನೇ ನಂಬರು ಏನು ಮಾಡುವುದು ಎಂದರು. ಖಾಲಿ ಇರಲಿ, ಧಾರವಾಡದಿಂದ ಪ್ರತಿ ಭಾನುವಾರ ಜಗಳ ಆಡಲು ಏನಾದರೂ ಬೇಕಲ್ಲ ಎಂದೆ.

ಖೋ ಖೋದಲ್ಲಿ ಅಕ್ಕಪಕ್ಕ ಕೂತವರು ಒಂದೇ ಕಡೆ ಮುಖ ಮಾಡುವಂತಿಲ್ಲ. ಪಾವಗಡದ ಬಸ್ಸು ಬರುವವರೆಗೆ ನಾವು ಆ ಬೆಂಚಿನ ಮೇಲೆ ಆ ನಿಯಮ ಮುರಿದೇ ಕೂತೆವು, ಇಬ್ಬರೂ ಒಂದೇ ಕಡೆ ನೋಡುತ್ತಾ.