ಕಪ್ಪಲದಿನ್ನಿ ಕೆರೆಯ ಹೆಬ್ಬಾತುಗಳು

ಬೆಳಗಿನ ಆರೂವರೆ. ಕೆರೆ ಕಾಯುವ ಮೂಕಮ್ಮ ಏರಿ ಹತ್ತಿದಾಗ ನೀರಂಚಿನಲ್ಲಿ ಹೆಬ್ಬಾತುಗಳು ಮಲಗಿದ್ದವು. ಹತ್ತಿರ ಹೋದರೂ ಏಳಲಿಲ್ಲ. ಎಣಿಸಿದಳು. ಮೂವತ್ತೊಂದು. ಎಲ್ಲವೂ ಸತ್ತಿದ್ದವು.

ಚಳಿಗಾಲಕ್ಕೆ ಹಿಮಾಲಯ ದಾಟಿ ಮಾನ್ವಿ ತಾಲ್ಲೂಕಿನ ಈ ಕೆರೆಗೆ ಬರುವ ಹಕ್ಕಿಗಳವು. ಮರುದಿನವೇ ಬೆಂಗಳೂರಿನಿಂದ ತಜ್ಞರ ತಂಡ ಬರುವುದಿತ್ತು. ಅವರು ಒಪ್ಪಿದರೆ ಕೆರೆ ಸಂರಕ್ಷಿತ ಪ್ರದೇಶವಾಗುತ್ತಿತ್ತು.

ಎಂಟಕ್ಕೆ ಅರಣ್ಯಾಧಿಕಾರಿ ದಾನೇಶ್ವರಿ ಬಂದಳು. ದೇವದುರ್ಗದವಳು. ಕೃಷ್ಣಾ ದಂಡೆಯಲ್ಲಿ ಮರಳು ಕಳ್ಳರ ಬೆನ್ನು ಹತ್ತಿ ಪಳಗಿದವಳು. ಮೂಕಮ್ಮ ಅವಳೆದುರು ಒಂದು ಚೀಲ ಬಿಚ್ಚಿದಳು. ಒಳಗೆ ಮಣ್ಣು ಬೆರೆತ ಭತ್ತ.

“ಮೂಡಣ ದಂಡಿಗೆ, ಜಾಲಿ ಗಿಡದ ಬುಡಕ ಚೆಲ್ಲಿದ್ರು ಮೇಡಂ. ಉಳಿದ ಹಕ್ಕಿ ತಿಂದಾವಂತ ಎಲ್ಲಾ ಬಳದು ತುಂಬೀನಿ. ಆಮ್ಯಾಲ ನಿಮಗ ಫೋನ್ ಮಾಡೀನಿ.”

“ಮತ್ಯಾರು ನೋಡ್ಯಾರ?”

“ಯಾರೂ ಇಲ್ರಿ.”

“ಕಾಳು ಸಿಕ್ಕ ಜಾಗ ಯಾರಿಗೂ ಹೇಳಬ್ಯಾಡವ್ವಾ. ಉಳಿದ ಹಕ್ಕಿ ಎಲ್ಲಿ?”

“ಬೆದರಿ ತುಂಗಭದ್ರಾ ಕಡಿ ಹಾರ್ಯಾವ. ಸಂಜಿಗೆ ಬಂದ ಬರ್ತಾವ.”

ಮತ್ತೆಲ್ಲಾದರೂ ವಿಷ ಉಳಿದಿದ್ದರೆ? ಕೆರೆಯ ಸುತ್ತಳತೆ ಎರಡು ಮೈಲಿ. ಸತ್ತ ಎರಡು ಹಕ್ಕಿಗಳನ್ನು ರಾಯಚೂರಿನ ಪಶುವೈದ್ಯರಿಗೆ ಕಳಿಸಿ, ಸಿಬ್ಬಂದಿಯನ್ನು ಹುಡುಕಲು ಹಚ್ಚಿದಳು.

* * *

ಹಕ್ಕಿ ಸತ್ತ ಸುದ್ದಿ ಹಬ್ಬಿ, ಹತ್ತರ ಹೊತ್ತಿಗೆ ಊರ ಜನ ಕೊಟ್ರೇಶನ ಹೊಲದಲ್ಲಿ ನೆರೆದಿದ್ದರು. ಕೆರೆಗೆ ಅಂಟಿದ ಗದ್ದೆ ಅವನದು. ಅವನ ಪೈರನ್ನು ಹೆಬ್ಬಾತುಗಳು ಮೇದಿದ್ದವು. ಅವನ ಗುಡಿಸಲಿನಲ್ಲಿ ಅರ್ಧ ಖಾಲಿಯಾದ ಕೀಟನಾಶಕದ ಬಾಟಲಿ ಸಿಕ್ಕಿತು.

“ಕೊಂದ ಬಿಡ್ತೀನಿ ಅಂದಿದ್ದು ಖರೆ ರೀ,” ಕೊಟ್ರೇಶ ಕೈ ಮುಗಿದ. “ಸಿಟ್ಟಿನ್ಯಾಗ ಅಂದೆ. ಈ ಎಣ್ಣಿ ಎಲ್ಲಾರ ಮನ್ಯಾಗೂ ಅದ.”

ಯಾರೋ ಅವನ ಕೊರಳಪಟ್ಟಿ ಹಿಡಿದರು. ದಾನೇಶ್ವರಿ ನಡುವೆ ನಿಂತಳು. ಕೆರೆ ರಕ್ಷಣಾ ಸಮಿತಿಯ ಅಧ್ಯಕ್ಷ ಶರಣಯ್ಯ ಮುಂದೆ ಬಂದರು. ಕೆರೆಯ ಮೇಲ್ಭಾಗದಲ್ಲಿದ್ದ ರೈಸ್ ಮಿಲ್ಲು ಅವರದೇ.

“ಇವನ್ನ ಒಳಗ ಹಾಕ್ರಿ ಮೇಡಂ. ಆ ಜಾಲಿ ಗಿಡದ ಬುಡಕ ಕಾಳು ಚೆಲ್ಲಬೇಕಂದ್ರ ಇವನ ಹೊಲದಾಗಿಂದನ ಹೋಗಬೇಕು.”

ದಾನೇಶ್ವರಿ ಅವರನ್ನೊಮ್ಮೆ ನೋಡಿದಳು. ಕೊಟ್ರೇಶನನ್ನು ಜೀಪಿಗೆ ಹತ್ತಿಸಿದಳು.

* * *

ನಾಲ್ಕು ಗಂಟೆಗೆ ರಾಯಚೂರಿನ ಪಶುವೈದ್ಯರ ಫೋನ್ ಬಂತು. “ಕೀಟನಾಶಕನ ಅದ ಮೇಡಂ. ಗಂಟಲ ಚೀಲದ ತುಂಬ ಭತ್ತ. ಆದ್ರ ಕಾಳಿನ ಬಣ್ಣ ಯಾಕೋ ಬ್ಯಾರೆ ಅದ.”

ದಾನೇಶ್ವರಿ ಕೈಗವಸು ಹಾಕಿ, ಮೂಕಮ್ಮನ ಚೀಲದಿಂದ ಒಂದು ಕಾಳು ತೆಗೆದು ಹೊಟ್ಟು ಸುಲಿದಳು. ಒಳಗಿನ ಅಕ್ಕಿ ಬೆಳ್ಳಗಿರಲಿಲ್ಲ. ಹಳದಿಯಾಗಿ, ಗಾಜಿನಂತೆ ಗಟ್ಟಿಯಾಗಿತ್ತು. ಹಿಂದೊಮ್ಮೆ ಮಿಲ್ಲಿನಲ್ಲಿ ದುಡಿದಿದ್ದ ಮೂಕಮ್ಮ ಬಗ್ಗಿ ನೋಡಿದಳು.

“ಇದು ಹೊಲದಾಗಿನ ಭತ್ತ ಅಲ್ರಿ. ಮಿಲ್ಲಿನ್ಯಾಗ ಉಗಿ ಕೊಟ್ಟು ಬೇಯಿಸಿದ್ದು.”

* * *

ಐದೂವರೆ. ಮಿಲ್ಲಿನ ಕಾಲುವೆ ಕೆರೆಗೆ ಸೇರುವಲ್ಲಿ ದಾನೇಶ್ವರಿ ಶರಣಯ್ಯನವರನ್ನು ಕರೆಸಿದಳು. ಕಾಲಬುಡದಲ್ಲಿ ಕಪ್ಪು ನೀರು ಬಿಸಿಯಾಗಿ ಹರಿಯುತ್ತಿತ್ತು. ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಮೂಕಮ್ಮ ಪಕ್ಕದಲ್ಲೇ ನಿಂತಿದ್ದಳು, ಕೊಟ್ರೇಶ ಜೀಪಿನಲ್ಲಿ ಕೂತಿದ್ದ.

“ಹಕ್ಕಿ ತಿಂದಿದ್ದು ಬೇಯಿಸಿದ ಭತ್ತ. ರೈತನ ಹಂತ್ಯಾಕ ಅದು ಇರಂಗಿಲ್ಲ. ಈ ಸುತ್ತಿನ್ಯಾಗ ಬಾಯ್ಲರ್ ಇರೋದು ನಿಮ್ಮ ಮಿಲ್ಲಿಗೆ ಒಂದ.”

“ನನ್ನ ಮಿಲ್ಲಿನ್ಯಾಗ ಇಪ್ಪತ್ತು ಮಂದಿ ದುಡಿತಾರ ಮೇಡಂ.”

“ಖರೆ. ಆದ್ರ ಜಾಲಿ ಗಿಡದ ಬುಡಕ ಕಾಳು ಚೆಲ್ಲಿದ್ರು ಅಂತ ಹೇಳಿದವರು ನೀವು. ನೀವೆಲ್ಲಾ ಬರೂಕಿಂತ ಮದ್ಲ ಮೂಕಮ್ಮ ಅದನ್ನ ಬಳದು ತುಂಬಿದ್ಲು. ಆ ಜಾಗ ಗೊತ್ತಿದ್ದದ್ದು ಅಕಿಗೆ, ನನಗ. ಮತ್ತ ಚೆಲ್ಲಿದವರಿಗೆ.”

ಶರಣಯ್ಯ ಮಿಲ್ಲಿನ ಕಡೆ ತಿರುಗಿ ನೋಡಿದರು.

“ಕೆರಿ ಸಂರಕ್ಷಿತ ಆದ್ರ ಈ ನೀರು ಪರೀಕ್ಷೆ ಆಗ್ತದ, ಮಿಲ್ಲಿಗೆ ಬೀಗ ಬೀಳ್ತದ. ಹಕ್ಕಿ ಇಲ್ಲಂದ್ರ ತಂಡ ವಾಪಸ್ ಹೋಗ್ತದ. ಹೌದಿಲ್ಲೋ?”

ಆಗಲೇ ದಕ್ಷಿಣದಿಂದ ಹೆಬ್ಬಾತುಗಳ ಕೂಗು ಕೇಳಿಸಿತು. ಆಕಾಶದಲ್ಲೊಂದು ಉದ್ದ ಗೆರೆ ಹತ್ತಿರವಾಗುತ್ತಿತ್ತು.

“ಇನ್ನೆಲ್ಲಿ ಹಾಕೀರಿ?” ದಾನೇಶ್ವರಿ ಅವರ ರಟ್ಟೆ ಹಿಡಿದು ಅಲುಗಿಸಿದಳು. “ಹೇಳ್ರಿ!”

ಶರಣಯ್ಯ ಆ ಗೆರೆಯನ್ನೇ ನೋಡಿದರು. ದನಿ ಕುಸಿದಿತ್ತು. “ತೂಬಿನ ಹಿಂದ... ಆಪು ಹುಲ್ಲಿನ್ಯಾಗ.”

ಅಷ್ಟರಲ್ಲಾಗಲೇ ಮೂಕಮ್ಮ ತೂಬಿನ ಕಡೆ ಓಡುತ್ತಿದ್ದಳು. ಚಳಿಗಾಲವಿಡೀ ಆ ದಂಡೆಯಲ್ಲಿ ಯಾರಿಗೂ ದನಿಯೆತ್ತಲು ಬಿಡದವಳು ಸೆರಗು ಬೀಸುತ್ತ, ಕಿರುಚುತ್ತ ಹಕ್ಕಿಗಳನ್ನು ಅಟ್ಟತೊಡಗಿದಳು. ಜೀಪಿನಿಂದ ಜಿಗಿದ ಕೊಟ್ರೇಶ ಖಾಲಿ ಡಬ್ಬ ಬಡಿಯುತ್ತ ಅವಳ ಹಿಂದೆ ಹೋದ. ದಾನೇಶ್ವರಿ ಮೊಣಕಾಲ ನೀರಿಗಿಳಿದು, ಆಪು ಹುಲ್ಲಿನ ನಡುವೆ ಹರಡಿದ್ದ ಭತ್ತವನ್ನು ಎರಡೂ ಕೈಯಿಂದ ಚೀಲಕ್ಕೆ ಬಳಿದಳು.

ಇಳಿಯಲು ಕಾಲು ಚಾಚಿದ್ದ ಹೆಬ್ಬಾತುಗಳು ತಲೆಯ ಮೇಲೆ ಒಂದು ಸುತ್ತು ಹೊಡೆದು, ಮತ್ತೆ ನದಿಯ ಕಡೆ ಹೊರಳಿದವು.

ಅವು ಕಣ್ಮರೆಯಾದ ಮೇಲೂ ಕೊಟ್ರೇಶ ಡಬ್ಬ ಬಡಿಯುವುದನ್ನು ನಿಲ್ಲಿಸಲಿಲ್ಲ.