ಗುಡ್ಡದ ಸೊಂಟ

ಸೋಮವಾರ ಸಂಜೆ ಸುರಂಗದ ಬಾಯಲ್ಲಿ ಕೂಸಪ್ಪ ತಲೆಗೆ ಸುತ್ತುವ ಬೈರಾಸು ಇತ್ತು. ಕೂಸಪ್ಪ ಇರಲಿಲ್ಲ.

ಕನ್ಯಾನದ ಹಾಜಬ್ಬರ ಜಾಗದಲ್ಲಿ, ನೀರಿಗಾಗಿ ಗುಡ್ಡದ ಹೊಟ್ಟೆಗೆ ನೇರ ಸುರಂಗ ಕೊರೆಯುತ್ತಿದ್ದವನು ಅವನು. ಹುಡುಕಲು ಹೋದವರು ಎಂಬತ್ತು ಮೀಟರ್ ಒಳಗೆ ತೆವಳಿದರು. ಕೊನೆಯಲ್ಲಿ ಮಣ್ಣಿನ ಗೋಡೆ, ಬುಡದಲ್ಲಿ ಅಗೆದ ಮಣ್ಣಿನ ರಾಶಿ. ಅಗೆಯುವ ಸುರಂಗದಲ್ಲಿ ಇರುವುದೇ ಅದು.

ಹಿಂದಿನ ದಿನ ಹಾಜಬ್ಬರು, “ನೀರು ಸಿಗದಿದ್ದರೆ ನಿನ್ನನ್ನೇ ಅಲ್ಲಿ ಹೂಳ್ತೇನೆ” ಎಂದು ತಮಾಷೆ ಮಾಡಿದ್ದರು. ಅಷ್ಟು ಸಾಕಾಯಿತು. ಪೊಲೀಸರು ಅವರನ್ನು ಠಾಣೆಯ ಬೆಂಚಿನಲ್ಲಿ ಕೂರಿಸಿದರು.

ಮರುದಿನದಿಂದ ಗುಡ್ಡದೊಳಗಿಂದ ಸದ್ದು ಬರತೊಡಗಿತು. ಟಕ್… ಟಕ್… ಮೇಯುವ ದನಗಳು ಕಿವಿ ನಿಮಿರಿಸಿ ನಿಲ್ಲುತ್ತಿದ್ದವು. ಭೂತ ಅವನನ್ನು ಒಳಗೆ ಕರೆದುಕೊಂಡಿದೆ ಎಂದರು ಊರವರು. ಹರಕೆ ಹೇಳಿ, ಆ ಕಡೆ ತಲೆ ಹಾಕುವುದನ್ನೇ ಬಿಟ್ಟರು.

ಹಾಜಬ್ಬರ ಮಗ ಅಜ್ಮಲ್‌ಗೆ ಮೈ ಉರಿಯಿತು. ಎಂಟನೇ ಕ್ಲಾಸು ಬಿಟ್ಟು, ರಸ್ತೆ ಸರ್ವೆಯವರ ಅಳತೆಕೋಲು ಹಿಡಿದು ಎರಡು ವರ್ಷ ಗುಡ್ಡ ಅಲೆದವನು ಅವನು. ಅವರು ಕೊಟ್ಟ ಹಳೆಯ ನಕ್ಷೆ ಹಿಡಿದು, ಮೂರನೆಯ ದಿನ ಠಾಣೆಯ ದಫೇದಾರರನ್ನು ಗುಡ್ಡದ ಆಚೆ ಬದಿಗೆ, ನಿತ್ಯಾನಂದನ ಮನೆಗೆ ಎಳೆದುಕೊಂಡು ಹೋದ. ಮನೆಯ ಹಿಂದೆ ನಿತ್ಯಾನಂದನ ಸುರಂಗ. ಅದರ ಬಾಯಿಗೆ ಹೊರಗಿನಿಂದ ದೊಡ್ಡ ದೊಡ್ಡ ಕಲ್ಲು ಪೇರಿಸಿ ಇಟ್ಟಿತ್ತು.

“ನಿತ್ಯಾನಂದಣ್ಣ, ಕಲ್ಲು ಯಾಕೆ?”

“ನೀರು ಬತ್ತಿತು. ದನ ನುಗ್ಗುತ್ತದೆ ಅಂತ ಇಟ್ಟೆ.”

“ಯಾವಾಗ?”

“ಸೋಮವಾರ… ಅಲ್ಲ, ಅದಕ್ಕಿಂತ ಮೊದಲೇ ಮಾರಾಯ. ನಿಮ್ಮ ಸುರಂಗ ಮೂರು ಮೈಲು ಆಚೆ. ನನಗೂ ಅದಕ್ಕೂ ಏನುಂಟು?”

“ಮೂರು ಮೈಲು ರಸ್ತೆಯಲ್ಲಿ ಸುತ್ತಿದರೆ. ಗುಡ್ಡದೊಳಗೆ ಎಷ್ಟು?”

ಅಜ್ಮಲ್ ನಕ್ಷೆಯನ್ನು ನೆಲದ ಮೇಲೆ ಹಾಸಿದ.

“ಗೆರೆ ನೋಡಿ ಭೂತ ಹಿಡಿಯುತ್ತೀಯಾ ನೀನು?” ಎಂದರು ದಫೇದಾರರು.

“ಒಂದು ಗೆರೆ ಅಂದರೆ ಒಂದೇ ಎತ್ತರ ಸಾರ್. ಅದರ ಮೇಲೆ ನಡೆದರೆ ಹತ್ತಲಿಕ್ಕೂ ಇಲ್ಲ, ಇಳಿಯಲಿಕ್ಕೂ ಇಲ್ಲ. ನಮ್ಮ ಸುರಂಗದ ಬಾಯಿ ಈ ನೂರ ನಲವತ್ತು ಮೀಟರಿನ ಗೆರೆಯಲ್ಲಿ ಉಂಟು. ಇದೇ ಗೆರೆ ಗುಡ್ಡ ಸುತ್ತಿ ಬಂದು ಇವರ ಸುರಂಗದ ಬಾಯಿಯನ್ನೂ ಮುಟ್ಟುತ್ತದೆ. ಸುರಂಗ ಮಟ್ಟಸವಾಗಿ ಹೋಗುವಂಥದ್ದು. ಅಂದರೆ ಎರಡೂ ಒಂದೇ ಎತ್ತರದಲ್ಲಿ, ಎದುರುಬದುರು. ಇಲ್ಲಿ ನೋಡಿ, ಗೆರೆ ಎರಡೂ ಬದಿಯಿಂದ ಒಳಗೆ ಸರಿದಿದೆ. ಗುಡ್ಡಕ್ಕೆ ಸೊಂಟ. ಅಡ್ಡಕ್ಕೆ ಬರೀ ನೂರು ಮೀಟರ್.”

“ಅದಕ್ಕೆ?”

“ನಮ್ಮದು ಎಂಬತ್ತು ಕೊರೆದಾಗಿದೆ. ಇವರದು ಇಪ್ಪತ್ತೈದು, ಊರಿಗೇ ಗೊತ್ತು. ಮಧ್ಯೆ ಗೋಡೆ ಎಲ್ಲಿ ಉಳಿಯಿತು ಸಾರ್? ಕೂಸಪ್ಪಣ್ಣ ತೂತು ಬಿದ್ದದ್ದು ಕಂಡು ಈ ಕಡೆ ನುಸುಳಿದ್ದಾನೆ. ಹಿಂದೆ ಮಣ್ಣು ಕುಸಿದು ತೂತು ಮುಚ್ಚಿತು. ನೀವೆಲ್ಲ ಅದನ್ನೇ ಸುರಂಗದ ಕೊನೆ ಅಂದುಕೊಂಡಿರಿ. ಈ ಕಡೆಯ ಬಾಯಿಗೆ ಕಲ್ಲು ಇಟ್ಟದ್ದು ನಿತ್ಯಾನಂದಣ್ಣ. ನೀರು ಬತ್ತಿತಂತೆ. ಹಾಗಾದರೆ ಇದೇನು?”

ಕಲ್ಲುಗಳ ಅಡಿಯಿಂದ ನೀರು ಒಸರುತ್ತಿತ್ತು. ಕೆಂಪು ನೀರು — ಒಳಗೆ ಯಾರೋ ಈಗಲೂ ಮಣ್ಣು ಅಗೆಯುತ್ತಿದ್ದ ಹಾಗೆ.

ದಫೇದಾರರೇ ಮೊದಲ ಕಲ್ಲು ಕಿತ್ತರು. ಹತ್ತನೆಯ ಕಲ್ಲು ಸರಿದಾಗ ಕೆಸರು ಮೆತ್ತಿದ ಮುಖವೊಂದು ಬೆಳಕಿಗೆ ಕಣ್ಣು ಮುಚ್ಚಿತು.

“ಎಷ್ಟು ಕೂಗಿದೆ,” ಎಂದ ಕೂಸಪ್ಪ. ಸ್ವರ ಏಳಲಿಲ್ಲ. “ಇವ ನನ್ನ ಮುಖ ನೋಡಿಕೊಂಡೇ ಕಲ್ಲು ಇಟ್ಟ.”

ನಿತ್ಯಾನಂದ ದಫೇದಾರರಿಗೆ ಕೈಮುಗಿದ. “ತೂತಿನ ಸುದ್ದಿ ಹೊರಗೆ ಬಂದರೆ ನನ್ನ ನೀರೆಲ್ಲ ಅವರ ಕಡೆ ಹೋಗ್ತಿತ್ತು…”

ಅಜ್ಮಲ್ ಅವನ ಕಡೆ ನೋಡಲಿಲ್ಲ.

“ನಿತ್ಯಾನಂದಣ್ಣನನ್ನು ಜೀಪು ಹತ್ತಿಸಿ ಸಾರ್, ಹೋಗುವ. ನಮ್ಮ ತಂದೆ ಎದ್ದ ಮೇಲೆ ನಿಮ್ಮ ಬೆಂಚು ಖಾಲಿ ಇರುವುದು ಬೇಡ.”