ಮೂರನೇ ಮಹಡಿಯ ಸ್ಟೂಲು

ಪೀಂ... ಪೀಂ... ಪೀಂ...!

ಅವಳು ಬಲಗಾಲು ಒಳಗಿಟ್ಟಿದ್ದೇ ತಡ, ಲಿಫ್ಟು ಅರಚಿಕೊಳ್ಳತೊಡಗಿತು.

ಒಳಗಿದ್ದ ಐದೂ ಜನ ಅವಳತ್ತ ತಿರುಗಿದರು. ಮೊದಲು ಮುಖ ನೋಡಿದರು, ಆಮೇಲೆ ಸೊಂಟ ನೋಡಿದರು.

'ಎಂಟು ಜನ ಅಂತ ಬೋರ್ಡಿದೆ... ನಾನು ಆರನೆಯವಳು ತಾನೇ?'

"ಮೇಡಂ, ಮುಂದಿನ ಟ್ರಿಪ್ಪಿಗೆ ಬಂದ್ಬಿಡಿ," ಎಂದ ಟೈ ಕಟ್ಟಿಕೊಂಡಿದ್ದ ಒಬ್ಬ. "ಇಲ್ಲಾಂದ್ರೆ ಎಲ್ಲರೂ ಒಟ್ಟಿಗೆ ಪಾತಾಳಕ್ಕೆ!"

ಯಾರೋ ಕಿಸಕ್ಕನೆ ನಕ್ಕರು.

ಬಾಗಿಲ ಪಕ್ಕದಲ್ಲಿ ಮಂಡಿಯೂರಿ ಸ್ಕ್ರೂ ಬಿಗಿಯುತ್ತಿದ್ದ ಮೆಕ್ಯಾನಿಕ್‌ನನ್ನು ಅವಳು ಕೇಳಿದಳು. "ರೀ, ಸ್ವಲ್ಪ ನೋಡ್ತೀರಾ? ಆರೇ ಜನ ಇದೀವಿ. ಏನೋ ಕೆಟ್ಟಿರಬೇಕು..."

ಅವನು ತಲೆ ಎತ್ತಲಿಲ್ಲ. "ನಿನ್ನೆ ತಾನೇ ನನ್ನ ಕೈಯಾರೆ ಸೆಟ್ ಮಾಡಿದೀನಿ. ಅದು ತಲೆ ಎಣಿಸಲ್ಲ, ತೂಕ ನೋಡುತ್ತೆ. ಮೆಷಿನ್ ಸುಳ್ಳು ಹೇಳಲ್ಲ ಮೇಡಂ."

ಅವಳು ಕಾಲು ಹಿಂದಕ್ಕೆ ತೆಗೆದಳು. ತಕ್ಷಣ ಸದ್ದು ನಿಂತಿತು. ಸದ್ದಿಗಿಂತ ಆ ನಿಶ್ಶಬ್ದವೇ ಹೆಚ್ಚು ನೋಯಿಸಿತು!

ಆಗ ಅವನು ತಲೆ ಎತ್ತಿದ. ತುಂಬಿದ ಎರಡು ಕಣ್ಣುಗಳು ಕಂಡವು. 'ಅಯ್ಯೋ... ಏನಂದುಬಿಟ್ಟೆ ನಾನು!' ಎಂದು ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಅವಳು ಮೆಟ್ಟಿಲ ಕಡೆ ಹೋಗಿಯಾಗಿತ್ತು.

ಆ ಕಟ್ಟಡದ ಐದನೇ ಮಹಡಿಯಲ್ಲಿರುವ ಬಟ್ಟೆ ಆಲ್ಟರೇಷನ್ ಅಂಗಡಿಯಲ್ಲಿ ಅವಳಿಗೆ ಕೆಲಸ. ಎಲ್ಲರ ಬಾಯಲ್ಲೂ ಅವಳು ಟೈಲರಮ್ಮ. ಬೆಳಗಿನಿಂದ ಸಂಜೆವರೆಗೆ ಕಂಡವರ ಸೊಂಟ ಅಳೆಯುತ್ತಿದ್ದವಳು ತನ್ನ ಸೊಂಟಕ್ಕೆ ಟೇಪು ಸುತ್ತಿ ನಾಲ್ಕು ವರ್ಷವಾಗಿತ್ತು. ಅಂದರೆ, ಗಂಡ ಜ್ವರದಲ್ಲಿ ಮಲಗಿದವನು ಮತ್ತೆ ಏಳದೇ ಹೋದಂದಿನಿಂದ.

ಮನೆಯಲ್ಲಿ ಅವಳು ಮತ್ತು ಆರು ವರ್ಷದ ಪುಟ್ಟಿ, ಇಬ್ಬರೇ. ಪುಟ್ಟಿ ತಟ್ಟೆಯಲ್ಲಿ ಬಿಟ್ಟಿದ್ದನ್ನು ಸಿಂಕಿನ ಮುಂದೆ ನಿಂತು ತಿಂದರೆ ಅದೇ ಅವಳ ಊಟ. ಬೆನ್ನಿನ ಜಿಪ್ ಎಳೆದುಕೊಡುವವರು ಯಾರೂ ಇಲ್ಲವೆಂದು ತನ್ನ ಬಟ್ಟೆಗಳ ಜಿಪ್ಪುಗಳನ್ನೆಲ್ಲ ಬಿಚ್ಚಿ ಸೊಂಟದ ಪಕ್ಕಕ್ಕೆ ಹೊಲಿದುಕೊಂಡಿದ್ದಳು. ಕೇಳಿದವರಿಗೆ "ಈಗ ಅದೇ ಫ್ಯಾಷನ್ನು" ಅನ್ನುತ್ತಿದ್ದಳು. ನಂಬಿದವರು ನಂಬಿದರು.

ಕ್ಲಿನಿಕ್ಕಿನ ಡಾಕ್ಟರಮ್ಮ ಮಾತ್ರ ನಂಬಲಿಲ್ಲ. "ಬಿ.ಪಿ. ಜಾಸ್ತಿ ಇದೆ. ಹತ್ತು ಕೆಜಿ ಇಳಿಸಲೇಬೇಕು. ಮಗಳಿನ್ನೂ ಚಿಕ್ಕವಳಲ್ವಾ?"

ಆ ಕೊನೆಯ ಮಾತು ಎದೆಗೆ ನಾಟಿತ್ತು. 'ನನಗೇನಾದರೂ ಆದರೆ ಪುಟ್ಟಿಗೆ ಯಾರು?'

ಹಾಗಂತ ಅವಳು ಸುಮ್ಮನೆ ಕೂತಿರಲಿಲ್ಲ. ಬೆಳಿಗ್ಗೆ ಐದಕ್ಕೆದ್ದು ಫೋನಿನಲ್ಲಿ ವ್ಯಾಯಾಮದ ವಿಡಿಯೋ ಹಾಕಿದಳು. ಮೂರನೇ ದಿನ ಪುಟ್ಟಿ ಎದ್ದು ಬಂದು, "ಅಮ್ಮಾ, ಆನೆ ಆಟ!" ಎಂದು ಬೆನ್ನೇರಿ ಕೂತಳು. ಜಿಮ್ಮಿಗೆ ಹೋದಳು. ಅಲ್ಲಿ ಎತ್ತ ತಿರುಗಿದರೂ ಕನ್ನಡಿ. ಸಾಲದ್ದಕ್ಕೆ ಪುಟ್ಟಿಯನ್ನು ಶಾಲೆಯಿಂದ ಕರೆತರುವ ಹೊತ್ತಿಗೇ ಹೆಂಗಸರ ತರಗತಿ! ಕೊನೆಗೆ ಸ್ಕಿಪ್ಪಿಂಗ್ ಹಗ್ಗ ತಂದಳು. ಎರಡನೇ ದಿನವೇ ಕೆಳಗಿನ ಮನೆಯ ತಾತ ಬಾಗಿಲು ತಟ್ಟಿ, "ಏನಮ್ಮಾ, ಗೋಡೆ ಒಡೆಸ್ತಾ ಇದೀಯಾ?" ಎಂದು ಕೇಳಿದ. ತಾತ ನಿಜವಾಗಿಯೂ ಗಾಬರಿಯಾಗಿದ್ದ, ಪಾಪ.

ಈಗ ಲಿಫ್ಟೂ ಹೊರಗೆ ಹಾಕಿತ್ತು. ಉಳಿದದ್ದು ಮೆಟ್ಟಿಲು. ಎಣಿಸಿದರೆ ನೂರ ಹತ್ತು.

ಮೆಟ್ಟಿಲಿಗೆ ಬೇರೆ ಸಮಯ ಬೇಡ, ಕನ್ನಡಿಯಿಲ್ಲ, ಆ ಹೊತ್ತಿಗೆ ಪುಟ್ಟಿ ಶಾಲೆಯಲ್ಲಿರುತ್ತಾಳೆ. 'ಇದೇ ನನ್ನ ಜಿಮ್ಮು' ಎಂದುಕೊಂಡಳು. ಮೊದಲ ದಿನ ಎರಡನೇ ಮಹಡಿ ದಾಟಿ ಐದು ಮೆಟ್ಟಿಲು ಹತ್ತುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಚೀಲದಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು, ನಿಲ್ಲದೆ ತಲುಪಿದ ಆ ಮೆಟ್ಟಿಲಿನ ಅಂಚಿಗೆ ಒಂದು ಗೆರೆ ಎಳೆದಳು.

ಎರಡನೇ ದಿನ ಮೂರನೇ ಮಹಡಿಯ ಕಿಟಕಿಯ ಬಳಿ ಮೆಕ್ಯಾನಿಕ್ ನಿಂತಿದ್ದ. ನಲವತ್ತರ ಆಸುಪಾಸು, ತೋಳಿನ ಮೇಲೆ ಗ್ರೀಸಿನ ಕಲೆ. ಆ ಕಟ್ಟಡದ ಲಿಫ್ಟು, ಲೈಟು ಎಲ್ಲ ಅವನದೇ ಉಸ್ತುವಾರಿ.

"ಮೇಡಂ, ನಿನ್ನೆ ಲಿಫ್ಟ್ ವಿಷಯ... ನಾನೊಂದು ಮಾತು..."

"ಮಾತಾಡಿಸ್ಬೇಡಿ! ಉಸಿರಿಲ್ಲ ನನಗೆ!"

ಅವನು ಬಾಯಿ ಮುಚ್ಚಿಕೊಂಡ. ಮರುದಿನ ಆ ಕಿಟಕಿಯ ಕೆಳಗೆ ಒಂದು ಸ್ಟೂಲು ಬಂದಿತ್ತು.

"ಯಾರದ್ದಿದು?"

"ನನ್ನದು. ಬಲ್ಬ್ ಬದಲಾಯಿಸೋಕೆ ಬೇಕಾಗುತ್ತೆ," ಎಂದ ಅವನು. ಅಲ್ಲಿ ಒಂದೇ ಒಂದು ಬಲ್ಬಿತ್ತು, ಚೆನ್ನಾಗಿಯೇ ಉರಿಯುತ್ತಿತ್ತು. "ಕೂತ್ಕೊಳ್ಳಿ. ಬಾಯಲ್ಲಿ ಉಸಿರಾಡಬೇಡಿ, ಮೂಗಲ್ಲಿ ತಗೊಳ್ಳಿ."

ಮೊದಮೊದಲು ಅವಳು ಬಿಗಿದ ಮುಖದಲ್ಲೇ ಕೂತಳು. ಆಮೇಲೆ ಒಂದೆರಡು ಮಾತು, ಆಮೇಲೆ ಐದು ನಿಮಿಷ. ಅವಳು ಪುಟ್ಟಿಯ ಆನೆ ಆಟದ ಕತೆ ಹೇಳಿದಳು, ಅವನು ತನ್ನ ಮಂಡಿ ನೋವಿನದು. ಅಮ್ಮನನ್ನು ನೋಡಿಕೊಳ್ಳುತ್ತ ಅವನಿಗೆ ಮದುವೆಯ ವಯಸ್ಸು ದಾಟಿತ್ತಂತೆ. ಹೋದ ವರ್ಷ ಅಮ್ಮನೂ ಹೋದರಂತೆ. "ಮನೇಲಿ ರೇಡಿಯೋ ಹಾಕಿಟ್ಟೇ ಬರ್ತೀನಿ ಕಣ್ರೀ. ವಾಪಸ್ ಹೋದಾಗ ಯಾರೋ ಮಾತಾಡ್ತಿರಲಿ ಅಂತ."

'ನಾನೂ ರಾತ್ರಿ ಹೊಲಿಗೆ ಮೆಷಿನ್ ಸದ್ದು ಮಾಡ್ಕೊಂಡು ಕೂರೋದು ಇದಕ್ಕೇ ಅಲ್ವಾ...' ಎಂದುಕೊಂಡಳು ಅವಳು.

ಇನ್ನೊಂದು ವಿಚಿತ್ರವಿತ್ತು. ಕಸ ಗುಡಿಸುವಾಕೆ ಪ್ರತಿ ಸಂಜೆ ಮೆಟ್ಟಿಲು ಒರೆಸುತ್ತಿದ್ದಳು. ಆದರೂ ಬೆಳಿಗ್ಗೆ ಬರುವಾಗ ಸೀಮೆಸುಣ್ಣದ ಗೆರೆ ಅದೇ ಮೆಟ್ಟಿಲಲ್ಲಿ ಹೊಸದಾಗಿ ಇರುತ್ತಿತ್ತು, ಸ್ವಲ್ಪ ಸೊಟ್ಟಗೆ. ಟೈಲರಮ್ಮ ಜನ್ಮದಲ್ಲಿ ಸೊಟ್ಟ ಗೆರೆ ಎಳೆದವಳಲ್ಲ! ಯಾರ ಕೈಯೆಂದು ಗೊತ್ತಾಗಿ, ಆ ದಿನವೆಲ್ಲ ಅವಳು ನಗುತ್ತಲೇ ಪ್ಯಾಂಟುಗಳ ಕಾಲು ಮಡಚಿದಳು.

ಮೂರು ತಿಂಗಳಲ್ಲಿ ಗೆರೆ ನಾಲ್ಕನೇ ಮಹಡಿ ದಾಟಿತು. ಸ್ಟೂಲಿನ ಮೇಲಿನ ಐದು ನಿಮಿಷ ಈಗ ಸಂಜೆ ಇಳಿಯುವಾಗ. ಟೇಪು ಎರಡು ಇಂಚು ಕಡಿಮೆ ತೋರಿಸಿತು. ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹಾಕುವ ಅಕ್ಕ, ಎಲ್ಲರಿಗೂ ಅವಳು ಕಾಜಾ ಅಕ್ಕ, ಕನ್ನಡಕದ ಮೇಲಿಂದ ನೋಡಿ ಕೇಳಿದಳು. "ಏನೇ, ಸೊಂಟ ಕರಗ್ತಿದೆಯೋ, ಮನಸ್ಸೋ?"

"ಹೋಗಕ್ಕಾ!" ಎಂದವಳ ಕೆನ್ನೆ ಕೆಂಪಾಗಿತ್ತು.

ಒಂದು ದಿನ ಅವನು ಒಂದು ಹಳೆಯ ರಿಜಿಸ್ಟರು ತಂದುಕೊಟ್ಟ. "ಲಿಫ್ಟಿಂದು. ಹೊಲಿಗೆ ಬಿಟ್ಟು ಹಾಳೆ ಉದುರ್ತಿದೆ. ಹೊಲಿದುಕೊಡ್ತೀರಾ?" ಕೊಟ್ಟ ಮೇಲೂ ಅವನು ಅಲ್ಲೇ ನಿಂತ. "ಹಾಳೆಗಳನ್ನ... ಸ್ವಲ್ಪ ತಾರೀಖು ನೋಡಿ ಜೋಡಿಸಿ."

ಅವಳು ತಾರೀಖು ನೋಡಿಯೇ ಜೋಡಿಸಿದಳು. ಒಂದು ಹಾಳೆಯಲ್ಲಿ ಕೈ ನಿಂತಿತು. ಅದು ಲಿಫ್ಟು ಅರಚಿದ ದಿನದ ಮರುದಿನ.

"ಭಾರ ಪರೀಕ್ಷೆಗೆ ಇಡಬೇಕಾದ ಕಬ್ಬಿಣದ ತೂಕಗಳಲ್ಲಿ ಹತ್ತು ತೂಕ ನೀರಿನ ಟ್ಯಾಂಕಿನ ಮುಚ್ಚಳದ ಮೇಲೆ ಉಳಿದಿದ್ದವು. ಎಣಿಸದೆ, ಎಂಟರ ಬದಲು ಐದೇ ಜನರ ಭಾರಕ್ಕೆ ಗಂಟೆಯ ಮಿತಿ ಹೊಂದಿಸಿದ್ದು ನನ್ನ ತಪ್ಪು. ಐದು ಜನರಾದ ಮೇಲೆ ಯಾರು ಹತ್ತಿದರೂ ಗಂಟೆ ಹೊಡೆಯುತ್ತಿತ್ತು. ಇಂದು ಬೆಳಿಗ್ಗೆ ಸರಿಪಡಿಸಿದೆ."

ಕೆಳಗೆ ಅವನ ಸಹಿ.

ಯಾರು ಹತ್ತಿದರೂ...! ಪುಟ್ಟಿ ಹತ್ತಿದ್ದರೂ ಹೊಡೆಯುತ್ತಿತ್ತು!

ಅವಳು ರಿಜಿಸ್ಟರು ಹಿಡಿದು ದಡದಡನೆ ಇಳಿದಳು. ಅವನು ಸ್ಟೂಲಿನ ಪಕ್ಕದಲ್ಲೇ ನಿಂತಿದ್ದ.

"ಮರುದಿನಾನೇ ಗೊತ್ತಿತ್ತಾ ನಿಮಗೆ?"

"...ಹೂಂ."

"ಮೂರು ತಿಂಗಳು! ಆ ಗಂಟೆ ಕನಸಲ್ಲೂ ಕೇಳಿಸ್ತಿತ್ತು ರೀ ನನಗೆ! ಮಗಳ ಪಕ್ಕ ಮಲಗೋವಾಗ ಮಂಚಕ್ಕೂ ನಾನು ಭಾರಾನಾ ಅನ್ನಿಸ್ತಿತ್ತು! ನೀವು ಎದುರಿಗೇ ನಿಂತು ಮೂಗಲ್ಲಿ ಉಸಿರಾಡಿ ಅಂತಿದ್ರಿ!"

"ಎರಡನೇ ದಿನ ಹೇಳೋಕೇ ಬಂದಿದ್ದೆ... ಆಗ್ಲಿಲ್ಲ. ಆಮೇಲೆ... ಹೇಳಿದ್ರೆ ನೀವು ಮತ್ತೆ ಲಿಫ್ಟಲ್ಲಿ ಹೋಗ್ಬಿಡ್ತೀರಿ ಅಂತ ಭಯ ಆಯ್ತು. ಇಡೀ ದಿನದಲ್ಲಿ ನನ್ನ ಹತ್ರ ಕೂತು ಮಾತಾಡೋರು ನೀವೊಬ್ರೇ."

"ನಿಮ್ಮ ಐದು ನಿಮಿಷಕ್ಕೆ ನನ್ನ ಮೂರು ತಿಂಗಳಾ?"

ಅವಳು ರಿಜಿಸ್ಟರನ್ನು ಸ್ಟೂಲಿನ ಮೇಲಿಟ್ಟು ಹೋದಳು.

ಮರುದಿನದಿಂದ ಲಿಫ್ಟು ಹತ್ತಿದಳು. ಗಂಟೆ ಹೊಡೆಯಲಿಲ್ಲ. ಯಾರೂ ಮಾತಾಡಲೂ ಇಲ್ಲ. ಎಲ್ಲರೂ ಬಾಗಿಲ ಮೇಲಿನ ಅಂಕಿ ನೋಡುತ್ತ ನಿಲ್ಲುತ್ತಿದ್ದರು. ಒಂದು, ಎರಡು... ಮೂರು ಬಂದಾಗ ಅವಳು ಗೋಡೆಯತ್ತ ತಿರುಗುತ್ತಿದ್ದಳು. ಗೋಡೆಯಾಚೆ ಆ ಕಿಟಕಿ, ಆ ಸ್ಟೂಲು. ಕಣ್ಣು ಮಿಟುಕಿಸುವಷ್ಟರಲ್ಲಿ ಐದು.

'ಇಷ್ಟು ಜನರ ನಡುವೆ ನಿಂತರೂ ಯಾಕಿಷ್ಟು ಒಂಟಿ ನಾನು?'

ಆ ವಾರ ಮನೆಯ ಗೋಡೆಗಳು ದೂರ ಸರಿದಂತಿದ್ದವು. ಪುಟ್ಟಿ ತಟ್ಟೆಯಲ್ಲಿ ಬಿಟ್ಟಿದ್ದನ್ನು ಮತ್ತೆ ಸಿಂಕಿನ ಮುಂದೆ ನಿಂತು ತಿಂದಳು. ಹಸಿವಿತ್ತೋ ಇಲ್ಲವೋ, ಅವಳಿಗೇ ತಿಳಿಯಲಿಲ್ಲ.

"ಅಮ್ಮಾ, ಅಳ್ತಿದೀಯಾ?"

"ಇಲ್ಲ ಪುಟ್ಟಿ, ಕಣ್ಣಿಗೆ ದಾರದ ಎಳೆ ಬಿತ್ತು."

ಕಾಜಾ ಅಕ್ಕನ ಮುಂದೆ ಆ ನೆಪ ನಡೆಯಲಿಲ್ಲ. ಪೂರ್ತಿ ಕೇಳಿದ ಅವಳು ಸೂಜಿ ಕೆಳಗಿಟ್ಟಳು. "ತಪ್ಪು ಮಾಡಿದಾನೆ, ಬೈದಿದ್ದು ಸರಿ. ಆದ್ರೆ ಒಂದು ಮಾತು. ನಾನು ಮೂವತ್ತು ವರ್ಷ ಸಂಸಾರ ಮಾಡಿದೀನಿ. ತಪ್ಪು ನಂದು ಅಂತ ಬರೆದು ಕೆಳಗೆ ಸಹಿ ಹಾಕಿದ ಗಂಡಸನ್ನ ನಾನಂತೂ ನೋಡಿಲ್ಲ. ಅದೂ ಅಲ್ದೆ, ಆ ರಿಜಿಸ್ಟರ್ ನಿನ್ನ ಕೈಗೆ ತಂದುಕೊಟ್ಟಿದ್ದು ಯಾರೇ?"

ಟೈಲರಮ್ಮನ ಕೈಯಲ್ಲಿದ್ದ ಕತ್ತರಿ ನಿಂತುಬಿಟ್ಟಿತು.

'ತಾರೀಖು ನೋಡಿ ಜೋಡಿಸಿ ಅಂದಿದ್ರಲ್ಲ... ಓದಲಿ ಅಂತಾನೇ ಕೊಟ್ರಾ?'

ಸೋಮವಾರ ಬೆಳಿಗ್ಗೆ ಲಿಫ್ಟಿನ ಮುಂದೆ ಜನ ಗುಂಪುಗೂಡಿದ್ದರು. ಬಾಗಿಲಿಗೆ ಒಂದು ಹಾಳೆ ಅಂಟಿಸಿತ್ತು. ಅಕ್ಷರಗಳು ಸೊಟ್ಟಗಿದ್ದವು.

"ಮೂರು ತಿಂಗಳ ಹಿಂದೆ ಈ ಲಿಫ್ಟಿನ ಗಂಟೆ ಹೊಡೆದದ್ದು ಯಾರ ತೂಕದಿಂದಲೂ ಅಲ್ಲ. ತೂಕ ಎಣಿಸದೆ ಸೆಟ್ ಮಾಡಿದ್ದು ನಾನು. ಮೆಷಿನ್ ಸುಳ್ಳು ಹೇಳಲ್ಲ ಅಂದಿದ್ದೆ. ಅವತ್ತು ಹೇಳಿತ್ತು, ಹೇಳಿಸಿದವನು ನಾನೇ. ಅವತ್ತು ಇಳಿದು ಹೋದವರ ಕ್ಷಮೆ ಕೇಳುತ್ತೇನೆ. ನಕ್ಕವರೂ ಕೇಳಿದರೆ ಒಳ್ಳೆಯದು. ಇಂತಿ, ಲಿಫ್ಟ್ ಮೆಕ್ಯಾನಿಕ್."

ಟೈ ಕಟ್ಟಿದವನು ಓದಿ ಮುಗಿಸಿ, ತಿರುಗಿ, ಅವಳನ್ನು ಕಂಡು ಪೆಚ್ಚಾದ. "ಸಾರಿ ಮೇಡಂ... ಬನ್ನಿ, ಮೊದಲು ನೀವು ಹತ್ತಿ."

"ಬೇಡ," ಎಂದಳು ಅವಳು. "ನೀವು ಹೋಗಿ."

ಮತ್ತೆ ಅವಳು ಮೆಟ್ಟಿಲ ಕಡೆ ತಿರುಗಿದಳು.

ಒಂದನೇ ಮಹಡಿ. ಎರಡು. ಮೂರರಲ್ಲಿ ಸ್ಟೂಲು ಖಾಲಿಯಿತ್ತು. 'ಹೋಗಿಬಿಟ್ರಾ?' ಕೂರಲಿಲ್ಲ, ನಿಲ್ಲಲಿಲ್ಲ. ನಾಲ್ಕು... ಹಳೆಯ ಗೆರೆಯನ್ನೂ ದಾಟಿದಳು. ಕಂಬಿ ಹಿಡಿದು ಹತ್ತಿದಳು. ನೂರ ಎಂಟು, ನೂರ ಒಂಬತ್ತು...

ನೂರ ಹತ್ತನೇ ಮೆಟ್ಟಿಲ ಮೇಲೆ ಅವನು ತಲೆ ತಗ್ಗಿಸಿ ಕೂತಿದ್ದ. ಹೆಜ್ಜೆ ಸಪ್ಪಳಕ್ಕೆ ಗಡಬಡಿಸಿ ಎದ್ದ.

"ನಿ... ನಿಲ್ಲದೇ ಬಂದ್ರಾ?"

ಅವಳು ಕೈಯೆತ್ತಿ ತಡೆದಳು. ಉಸಿರು ಬರಲಿ, ಆಮೇಲೆ ಮಾತು. ಮೂಗಲ್ಲೇ ತೆಗೆದುಕೊಂಡಳು.

"ಲಿಫ್ಟ್ ಸರಿಯಾಗಿದೆಯಲ್ಲ?"

"ಆಗಿದೆ. ನಾನೇ ಮೂರು ಸಲ ಎಣಿಸಿದೀನಿ."

"ಮತ್ತೆ ಮೆಟ್ಟಿಲಲ್ಲಿ ಯಾಕೆ ಬಂದೆ ಅಂತ ಕೇಳಲ್ವಾ?"

"...ಯಾಕೆ?"

"ಲಿಫ್ಟಲ್ಲಿ ಮೂರನೇ ಮಹಡಿ ತುಂಬಾ ಬೇಗ ಹೋಗ್ಬಿಡುತ್ತೆ ರೀ..." ಅವಳ ಧ್ವನಿ ಒಡೆಯಿತು. "ಒಂದು ವಾರ ಯಾರ ಹತ್ರ ಮಾತಾಡಿದ್ರೂ ಮಾತಾಡಿದ ಹಾಗೇ ಅನ್ನಿಸ್ಲಿಲ್ಲ ನನಗೆ."

"ನನಗೂ..." ಅವನ ಕಣ್ಣು ತುಂಬಿತು. "ನಿಮ್ಮನ್ನ ಪ್ರೀತಿಸ್ತೀನಿ. ಇದನ್ನೂ ಮೂರು ತಿಂಗಳಿಂದ ಮುಚ್ಚಿಟ್ಟಿದ್ದೆ. ಇನ್ನೇನೂ ಮುಚ್ಚಿಟ್ಟಿಲ್ಲ."

ಅವಳು ಅಳುತ್ತಲೇ ನಕ್ಕಳು. ಚೀಲದಿಂದ ಸೀಮೆಸುಣ್ಣ ತೆಗೆದು ಅವನ ಕೈಗಿಟ್ಟಳು. ಅವನು ಬಗ್ಗಿ ನೂರ ಹತ್ತನೇ ಮೆಟ್ಟಿಲಿಗೆ ಗೆರೆ ಎಳೆದ. ಎಂದಿನಂತೆ ಸೊಟ್ಟಗೆ.

"ನನ್ನ ಜೊತೆ ಪುಟ್ಟಿನೂ ಇದಾಳೆ. ನೆನಪಿರಲಿ."

"ಗೊತ್ತು. ಆನೆ ಆಟ ನನಗೂ ಬರುತ್ತೆ." ಅವನು ಹಿಂಜರಿಯುತ್ತ ಕೇಳಿದ. "ನಾಳೆಯಿಂದ ಕೆಳಗಿಂದಲೇ ಜೊತೆಗೆ ಹತ್ಲಾ?"

"ಮಂಡಿ ನೋವು ಅಂತಿದ್ರಿ?"

"ಮೂರನೇ ಮಹಡೀಲಿ ಸ್ಟೂಲ್ ಇದೆಯಲ್ಲ."

"ಒಂದೇ ಇರೋದು."

"ಇನ್ನೊಂದು ತರ್ತೀನಿ," ಎಂದ ಅವನು.